ಹಳ್ಳ ದಾಟಿ ಬರುವ ಕಡತಗಳು

ಮಹಾಂತಯ್ಯ ಕಾಕಾ ಅವರಿಗೆ ಊರಿನಿಂದ ರಾಜೇಶ್ವರಿಯ ಶರಣು.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ದೇಶಪಾಂಡೆ ನಗರದ ನಿಮ್ಮ ಮಗಳ ಮನೆಗೆ ಈ ಪತ್ರ. ನಮ್ಮ ಹೊಸ ಪಂಚಾಯಿತಿಯ ಅಧ್ಯಕ್ಷರ ಆಯ್ಕೆಯಲ್ಲಿ ನಿಮಗೂ ನನಗೂ ಸಮ ಮತ ಬಿದ್ದು, ಚೀಟಿ ಎತ್ತಿದಾಗ ನನ್ನ ಹೆಸರು ಬಂತು. "ರಾಜ್ಯ ಕಟ್ಟಾಕ ಬುದ್ಧಿ ಬೇಕು. ಚೀಟಿ ಎತ್ತಿ ಯಾರರ ರಾಜ್ಯ ಕಟ್ಟ್ಯಾರೇನು?" ಎಂದು ಚೀಲ ಹಿಡಿದು ಹೊರಟೇಬಿಟ್ಟಿರಿ.

ಚೀಟಿ ನಸೀಬಿನದು, ಒಪ್ಪಿದೆ. ಆದರೆ ನಮ್ಮೂರಿಗೆ ಸ್ವಂತ ಪಂಚಾಯಿತಿ ಸಿಕ್ಕಿದ್ದು ಹೇಗೆ? ಊರಿಗೆ ಬೇರೆ ಪಂಚಾಯಿತಿ ಬೇಕೇ ಎಂದು ಧಾರವಾಡದ ಸಾಹೇಬರು ನೋಡಲು ಬಂದ ದಿನವೇ ಹಳ್ಳ ತುಂಬಿ ಹರಿಯಿತು. ಆಚೆ ದಂಡೆಯ ಹಳೆಯ ಪಂಚಾಯಿತಿ ಕಚೇರಿಗೆ ಹೋಗಲಾಗದೆ ಅವರು ಇಲ್ಲೇ ಉಳಿದರು. ಆ ಮಳೆ ನೀವು ತರಿಸಿದ್ದಲ್ಲ. ಆದರೆ ಅವರ ತಾಟಿಗೆ ಹೋಳಿಗೆ ಬಡಿಸುತ್ತ, "ನಿಮಗ ಒಂದ ದಿನಾ ಹಿಂಗಾತು, ನಮಗ ಪ್ರತಿ ಮಳಿಗಾಲ ಹಿಂಗ ರೀ ಸಾಹೇಬ್ರ" ಎಂದವರು ನೀವೇ. ಆ ಮಾತು ಆಡದಿದ್ದರೆ ಆ ಮಳೆ ಬರೀ ನೀರಾಗಿ ಹರಿದುಹೋಗುತ್ತಿತ್ತು. ಆಡಿದಿರಿ, ನಮ್ಮೂರು ಬೇರೆಯಾಯಿತು!

ನನ್ನ ಚೀಟಿಯೂ ಬರೀ ಕಾಗದವಾಗಬಾರದು.

ಸೋಮವಾರ ಹಳೆಯ ಪಂಚಾಯಿತಿಯವರು ನಮ್ಮ ಕಡತಗಳನ್ನೆಲ್ಲ ಹೊತ್ತು ಹಳ್ಳ ದಾಟಿ ಬರುತ್ತಾರೆ. ಇಷ್ಟು ವರ್ಷ ನಾವು ದಾಟಿದೆವು, ಈಗ ಅವರು ದಾಟಲಿ. ದಂಡೆಯ ಮೇಲೆ ಎಲ್ಲರಿಗಿಂತ ಮುಂದೆ ನೀವು ನಿಲ್ಲಬೇಕು. ರುಮಾಲು ಸುತ್ತಿಕೊಂಡೇ ಬನ್ನಿ. ಬರುವಾಗ ದುರ್ಗದಬೈಲಿನ ಪೇಟೆಯಲ್ಲಿ ಕಚೇರಿಗೊಂದು ಗಟ್ಟಿ ಕೀಲಿ ಕೊಳ್ಳಿ. ಒಂದು ಕೀಲಿಕೈ ನಿಮ್ಮ ಹತ್ತಿರವೇ ಇರಲಿ.

ಬರುವುದಿಲ್ಲ ಎಂದರೆ ಮತ್ತೆ ಚೀಟಿ ಎತ್ತೋಣ. ಈ ಸಲ ಎರಡರಲ್ಲೂ ನಿಮ್ಮ ಹೆಸರನ್ನೇ ಬರೆಯುತ್ತೇನೆ.

ನಿಮ್ಮ ಅಣ್ಣನ ಮಗಳು,
ಅಧ್ಯಕ್ಷೆ ರಾಜೇಶ್ವರಿ