ಮಾವನ ಕಾಡಿನ ನೀರು

೧೬ ಮಾರ್ಚ್ ೨೦೨೫, ಭಾನುವಾರ. ಅಮದಳ್ಳಿ.

ಮಾವನ ಬಡಾಯಿ ಇವತ್ತೂ ನಿಲ್ಲಲಿಲ್ಲ. ಹಾಸಿಗೆ ಹಿಡಿದರೂ ಬಾಯಿ ಗಟ್ಟಿ. ನೋಡಲು ಬಂದವರೆದುರು, "ಗುಡ್ಡದ ಹುಲ್ಲುಬೇಣದಲ್ಲಿ ನಾ ಅಕೇಶಿಯಾ ನೆಟ್ಟದ್ದಕ್ಕೇ ನಮ್ಮ ಕೆರೆ ಉಳ್ದದೆ" ಅಂದರು. ಆ ಮರಗಳೇ ನೀರು ಹೀರಿ ಕೆರೆ ಈಗ ಒಂದು ಹೊಂಡದಷ್ಟಾಗಿದೆ. ಕೊಳೆಯದ ಎಲೆ ತುಂಬಿ ಮೀನೂ ಸತ್ತಿವೆ. ಕೆರೆ ನೀರೇ ಬೇಕೆಂದು ಹಟ ಹಿಡಿಯುವ ಮಾವನಿಗೆ ವರ್ಷದಿಂದ ನಳದ ನೀರನ್ನೇ ಕೆರೆಯದೆಂದು ಹೇಳಿ ಕುಡಿಸುತ್ತಿದ್ದೆ, ಪಾಪ ಅಂತ.

ಇವತ್ತು ಸಾಕಾಯಿತು. ನಿಜವಾದ ಕೆರೆ ನೀರನ್ನೇ ಲೋಟದಲ್ಲಿ ತಂದು ಕೈಗಿಟ್ಟೆ. ಚಹಾದ ಬಣ್ಣ, ಮೇಲೊಂದು ಎಲೆ.

"ನಿಮ್ಮ ಕಾಡಿಂದೇ ನೀರು. ಕುಡೀರಿ" ಅಂದೆ.

ಮಾವ ಎಲೆ ತೆಗೆದು ನೋಡಿದರು. ಲೋಟದ ತಳ ಕಾಣುವವರೆಗೂ ಕುಡಿದರು.

"ನಾಳೆನೂ ಇದೇ ತಾ, ಕುಸುಮಾ" ಅಂದರು.

ತರುತ್ತೇನೆ. ಸೋಸದೆಯೇ ತರುತ್ತೇನೆ.