ಬಹುಮಾನದ ಸಭೆಯಲ್ಲಿ ಹೂಂ ಅಂದವರು

ದೇವನಹಳ್ಳಿ, ೧೯೪೬
ಶನಿವಾರ ಸಂಜೆ

ತಂಗಿ ಚೆನ್ನಿ,

ನಮ್ಮೂರ ಕೋಟೆಯ ಬಗ್ಗೆ ಮಕ್ಕಳಿಗಾಗಿ ನಾನು ಬರೆದ ಪುಸ್ತಕಕ್ಕೆ ಬಹುಮಾನ ಬಂತು ಕಣೇ. ಈವತ್ತು ಸ್ಕೂಲಿನಲ್ಲಿ ಶಾಲು ಹೊದಿಸಿ, ಒಂದು ಕಥೆ ಓದಿ ಅಂದರು. "ಯಾರೂ ಉಸಿರೆತ್ತಬಾರ್ದು ಕಣ್ರೋ," ಎಂದು ಹೆಡ್‌ಮಾಸ್ತರು ಮಕ್ಕಳನ್ನು ಗದರಿಸಿದರು.

ಮೊದಲ ಸಾಲು ಓದಿ ನಿಂತುಬಿಟ್ಟೆ. ನೀನು ಹೂಂಗುಟ್ಟದೆ ಮುಂದಿನ ಸಾಲು ಹೇಳಿ ನನಗೆ ಅಭ್ಯಾಸವೇ ಇಲ್ಲವಲ್ಲ. ಆಗ ಹಿಂದಿನ ಬಾಗಿಲ ಕಡೆಯಿಂದ "ಹೂಂ" ಅಂತ ಕೇಳಿಸಿತು. ಮೂಗು ಕಟ್ಟಿದ ದನಿ. ಅಲ್ಲಿ ಯಾರೂ ಇರಲಿಲ್ಲ. ನಾನು ಓದುತ್ತಾ ಹೋದೆ, ಸಾಲು ಸಾಲಿಗೂ ಅದು ಹೂಂಗುಟ್ಟಿತು.

"ದಂಡು ಬಂತು, ಕೋಟೆ ಬಾಗಿಲು ಮುಚ್ಚಿತು, ಕುರಿ ಕಾಯುವ ಹುಡುಗಿ ಹೊರಗೇ ಉಳಿದಳು" ಎಂದು ಓದಿದೆ. ಹೂಂ ಬರಲಿಲ್ಲ. ಕಾದೆ.

ಆ ಕೊನೆಯ ರಾತ್ರಿ ಜ್ವರದಲ್ಲಿ ಮೂಗು ಕಟ್ಟಿ ಮಲಗಿದ್ದ ನೀನು ಹೂಂಗುಟ್ಟುವುದನ್ನು ನಿಲ್ಲಿಸಿದ್ದೂ ಇದೇ ಸಾಲಿಗೆ. ನಿದ್ದೆ ಬಂತೆಂದುಕೊಂಡು ನಾನು ಸದ್ದಿಲ್ಲದೆ ದೀಪ ಆರಿಸಿದ್ದೆ.

"ಮುಂದೆ ಓದಿ ಸ್ವಾಮಿ, ಮಕ್ಳು ಕಾಯ್ತಿದಾರೆ," ಅಂದರು ಹೆಡ್‌ಮಾಸ್ತರು. ನನ್ನಿಂದಾಗಲಿಲ್ಲ.

ಪುಸ್ತಕದಲ್ಲಿ ಆ ಹುಡುಗಿಗೆ ಬಾಗಿಲು ತೆರೆಸಿದ್ದೇನೆ, ಚೆನ್ನಿ. ಈಗ ದೀಪ ಹಚ್ಚಿಟ್ಟು ಉಳಿದದ್ದನ್ನು ನಿನಗೇ ಓದುತ್ತಿದ್ದೇನೆ. ಒಂದು ಸಲ ಹೂಂ ಅನ್ನೇ.