ಕುರಿಯ ಕಾಲಿಗೆ ಕಟ್ಟಿದ ಸಾರವೆ

ಅಪ್ಪಾ, ನಿನ್ನ ಮೇಸ್ತ್ರಿ ಮಗಳ ನಮಸ್ಕಾರ.

ನೀನು ಗೋಡೆಗೆ ಸಾರವೆ ಕಟ್ಟುವಂತೆ ಈ ಪ್ರಯೋಗಾಲಯದಲ್ಲಿ ನಾವು ಮುರಿದ ಮೂಳೆಗೆ ಕಟ್ಟುತ್ತೇವೆ. ಬೆರಳುದ್ದದ, ಜೇನುಗೂಡಿನಂಥ ತುಂಡು. ಮೂಳೆ ಬೆಳೆದು ತುಂಬಿಕೊಂಡಂತೆ ತಾನಾಗಿಯೇ ಕರಗಬೇಕು, ಬಿಚ್ಚುವ ಕೆಲಸವಿಲ್ಲ. ಇವತ್ತು ಅಂಥ ತುಂಡು ಕೂರಿಸಿದ್ದ ನಮ್ಮ ಕುರಿಯ ಕಾಲಿನ ಎಕ್ಸ್‌ರೇ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ನಾನು ಮಾಡಿದ ತುಂಡು ಕಾಣಲಿಲ್ಲ. ಇದ್ದದ್ದು ಬರೀ ಮೂಳೆ. ಕುರಿ ನೋಡಿಕೊಳ್ಳುವ ಹಿರಿಯರು, "ಯಾವ ಕಾಲು ಮುರಿದಿತ್ತು ಅನ್ನೋದೇ ನಂಗೆ ಮರ್ತುಹೋಯ್ತಮ್ಮ" ಅಂದರು.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ನೀನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳದೆ ಏಣಿ ಹತ್ತಬೇಡ.

ಸಾರವೆ ಬಿಚ್ಚಿದ ದಿನ ನೀನು ದೂರ ಹೋಗಿ, ಸೊಂಟಕ್ಕೆ ಕೈಯಿಟ್ಟು ಗೋಡೆ ನೋಡುತ್ತಾ ನಿಲ್ಲುತ್ತೀಯಲ್ಲ, ಇವತ್ತು ಬೇಲಿಯ ಹತ್ತಿರ ನಾನೂ ಹಾಗೇ ನಿಂತಿದ್ದೆ. ಕುರಿ ನನ್ನತ್ತ ತಿರುಗಿಯೂ ನೋಡದೆ ಓಡಿತು.